ಕಳ್ಳತನ ಆಗುವ ಮೊದಲೇ ಕಳ್ಳರ ಪಟ್ಟಿ

ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಅಂತ ಒಂದು ಪ್ರದೇಶ ಇದೆ. ಗದಗ-ಬೆಟಗೇರಿಯಲ್ಲೂ ಅದೇ ಹೆಸರಿನ ಜಾಗ ಇದೆ. ಆಟೋದವರಿಗೆ ಹೆಸರು ಹೇಳಿದರೆ ಸಾಕು, ತಂದು ಬಿಡುತ್ತಾರೆ. ಆದರೆ ಈ ಇಂಗ್ಲಿಷ್ ಹೆಸರು ನಮ್ಮ ಊರುಗಳಿಗೆ ಯಾಕೆ ಅಂಟಿಕೊಂಡಿತು ಅಂತ ಯಾರೂ ಕೇಳುವುದಿಲ್ಲ. ನೂರು ವರ್ಷದ ಹಿಂದೆ ಬ್ರಿಟಿಷ್ ಸರ್ಕಾರ ಕೆಲವು ಜನಾಂಗಗಳನ್ನು ‘ಅಪರಾಧಿ ಬುಡಕಟ್ಟು’ ಎಂದು ಕರೆದು, ಕಾವಲಿನಲ್ಲಿ ಇಟ್ಟಿದ್ದ ಜಾಗಗಳು ಇವು.

ಅಪರಾಧ ಅಂದರೆ ಏನು? ಅದನ್ನು ಎಣಿಸುವುದು ಹೇಗೆ? ಅಪರಾಧಿ ಎಂಥವನು ಅಂತ ಮೊದಲೇ ಹೇಳಬಹುದೇ? ಈ ಮೂರು ಪ್ರಶ್ನೆಗೆ ಸರ್ಕಾರ ತಪ್ಪು ಉತ್ತರ ಕೊಟ್ಟರೆ ಏನಾಗುತ್ತದೆ ಅನ್ನುವುದನ್ನು ಈ ಇತಿಹಾಸದಲ್ಲಿ ನೋಡಬಹುದು.

1871ರ ಕಾನೂನು

1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಬಂತು. ಮೊದಲು ಉತ್ತರ ಭಾರತಕ್ಕೆ ಮಾತ್ರ ಇತ್ತು. 1911ರ ಹೊಸ ಕಾಯ್ದೆಯಿಂದ ಮದ್ರಾಸ್ ಪ್ರಾಂತ್ಯವೂ ಸೇರಿ ಬ್ರಿಟಿಷ್ ಭಾರತಕ್ಕೆಲ್ಲ ಹರಡಿತು. ಆಗ ಧಾರವಾಡ, ವಿಜಯಪುರ ಭಾಗ ಮುಂಬೈ ಪ್ರಾಂತ್ಯದಲ್ಲಿತ್ತು.

ಅಧಿಕಾರಿಗಳ ತರ್ಕ ಸರಳವಾಗಿತ್ತು: ಈ ದೇಶದಲ್ಲಿ ನೇಕಾರನ ಮಗ ನೇಕಾರ, ಬಡಿಗನ ಮಗ ಬಡಿಗ. ಹಾಗಾದರೆ ಕಳ್ಳರ ಜಾತಿಯೂ ಇರಲೇಬೇಕು, ಅವರ ಮಕ್ಕಳೂ ಕಳ್ಳರೇ ಆಗಬೇಕು.

ಇಲ್ಲಿ ನಡೆದದ್ದನ್ನು ಗಮನಿಸಿ. ಸಾಮಾನ್ಯವಾಗಿ ಅಪರಾಧ ಅಂದರೆ ಒಂದು ಕೃತ್ಯ. ಯಾರೋ ಏನನ್ನೋ ಮಾಡಿರಬೇಕು, ಅದಕ್ಕೆ ಸಾಕ್ಷಿ ಬೇಕು. ಈ ಕಾನೂನು ಕೃತ್ಯವನ್ನು ಬಿಟ್ಟು ಹುಟ್ಟನ್ನು ಹಿಡಿಯಿತು. ಕೊರಮ, ಕೊರವ, ಹರಣಶಿಕಾರಿ, ಕೈಕಾಡಿ, ಗಂಟಿಚೋರ ಮುಂತಾದ ಸಮುದಾಯಗಳು ಇದರ ಹೊಡೆತ ತಿಂದವು. ಗಂಟಿಚೋರರಿಗಂತೂ ಹೆಸರಿನಲ್ಲೇ ‘ಚೋರ’ ಅನ್ನುವ ಆರೋಪ ಇದೆ.

ಇವರಲ್ಲಿ ಅನೇಕರು ಅಲೆಮಾರಿಗಳು. ಕೊರವರು ಕತ್ತೆ, ಎತ್ತಿನ ಮೇಲೆ ಉಪ್ಪು, ಕಾಳುಕಡಿ ಹೇರಿಕೊಂಡು ಊರಿಂದ ಊರಿಗೆ ಮಾರುತ್ತಿದ್ದರು. ಆಮೇಲೆ ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. ರೈಲು ಬಂತು. ಅವರ ವ್ಯಾಪಾರ ಕುಸಿಯಿತು. ಕಾಡಿಗೆ ಹೋದರೆ ಅಲ್ಲೂ ಅರಣ್ಯ ಕಾಯ್ದೆ. ಹೊಟ್ಟೆಪಾಡು ಕಳೆದುಕೊಂಡು ತಿರುಗುವವರನ್ನು ಸರ್ಕಾರ ಅನುಮಾನದಿಂದ ನೋಡಿತು. ಮನೆ ಇಲ್ಲ, ಹೊಲ ಇಲ್ಲ, ತೆರಿಗೆ ಪುಸ್ತಕದಲ್ಲಿ ಹೆಸರಿಲ್ಲ ಅನ್ನುವುದೇ ತಪ್ಪಾಯಿತು.

ಹಾಜರಿ ಮತ್ತು ಲೆಕ್ಕ

ಪಟ್ಟಿಗೆ ಸೇರಿದವರು ಬೆರಳಚ್ಚು ಕೊಡಬೇಕು. ಕರೆದಾಗ ಹಾಜರಿ ಹಾಕಬೇಕು. ಬೇರೆ ಊರಿಗೆ ಹೋಗಲು ಪಾಸ್ ಬೇಕು. ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡುವ ಅಧಿಕಾರವನ್ನೂ 1897ರ ತಿದ್ದುಪಡಿ ಸರ್ಕಾರಕ್ಕೆ ಕೊಟ್ಟಿತ್ತು. ಹುಬ್ಬಳ್ಳಿ, ಗದಗ, ವಿಜಯಪುರ, ಸೊಲ್ಲಾಪುರಗಳಲ್ಲಿ ಸೆಟ್ಲಮೆಂಟ್‌ಗಳು ಎದ್ದವು. ‘ಸುಧಾರಣೆ’ ಅನ್ನುವ ಹೆಸರಿನಲ್ಲಿ ಅಲ್ಲಿನವರನ್ನು ಮಿಲ್ಲಿಗೆ, ರೈಲ್ವೆ ಕೆಲಸಕ್ಕೆ ಕಳಿಸುತ್ತಿದ್ದರು.

ಈಗ ಲೆಕ್ಕಕ್ಕೆ ಬನ್ನಿ. ಪಾಸ್ ಇಲ್ಲದೆ ಪಕ್ಕದ ಊರಿನ ಸಂತೆಗೆ ಹೋದರೆ ಅಪರಾಧ. ಹಾಜರಿ ತಪ್ಪಿದರೆ ಅಪರಾಧ. ಬೇರೆಯವರಿಗೆ ಇವು ಅಪರಾಧವೇ ಅಲ್ಲ. ಹೀಗೆ ದಾಖಲಾದ ಕೇಸುಗಳು ಕೂಡುತ್ತಾ ಹೋದಂತೆ ‘ನೋಡಿ, ಈ ಜನರಲ್ಲಿ ಅಪರಾಧ ಎಷ್ಟು ಜಾಸ್ತಿ’ ಅನ್ನಲು ದಾರಿಯಾಯಿತು. ಯಾವ ಓಣಿಯಲ್ಲಿ ಪೊಲೀಸರು ದಿನಾ ಹುಡುಕುತ್ತಾರೋ ಆ ಓಣಿಯಲ್ಲೇ ಕೇಸು ಸಿಗುತ್ತವೆ. ಹುಡುಕದ ಓಣಿ ಸಭ್ಯರ ಓಣಿಯಾಗಿ ಉಳಿಯುತ್ತದೆ.

ಇಂದಿನ ಅಂಕಿಅಂಶ ಓದುವಾಗಲೂ ಈ ಮಾತು ನೆನಪಿರಲಿ. 1986ರಲ್ಲಿ ಶುರುವಾದ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಎಣಿಸುವುದು ಠಾಣೆಯಲ್ಲಿ ದಾಖಲಾದ ಕೇಸುಗಳನ್ನು. ಊರ ಪಂಚಾಯ್ತಿಕಟ್ಟೆಯಲ್ಲಿ ರಾಜಿಯಾದದ್ದು, ಮರ್ಯಾದೆಗೆ ಅಂಜಿ ಮುಚ್ಚಿಟ್ಟದ್ದು ಅದರಲ್ಲಿ ಇರುವುದಿಲ್ಲ. ಒಂದೇ ಎಫ್‌ಐಆರ್‌ನಲ್ಲಿ ಕೊಲೆಯೂ ದರೋಡೆಯೂ ಇದ್ದರೆ, ಎಲ್ಲಕ್ಕಿಂತ ಘೋರವಾದದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ. 2013ರಲ್ಲಿ ಅತ್ಯಾಚಾರದ ಕಾನೂನು ವ್ಯಾಖ್ಯಾನವನ್ನು ವಿಸ್ತರಿಸಿದರು, ಹೆಣ್ಣುಮಕ್ಕಳನ್ನು ಹಿಂಬಾಲಿಸಿ ಪೀಡಿಸುವುದೂ ಪ್ರತ್ಯೇಕ ಅಪರಾಧವಾಯಿತು. ವ್ಯಾಖ್ಯಾನ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಸಂಖ್ಯೆ ಏರಿತು ಅಂದಮಾತ್ರಕ್ಕೆ ಜನ ಕೆಟ್ಟರು ಅಂತ ಅರ್ಥವಲ್ಲ. ಹೆಚ್ಚು ಮಂದಿ ಧೈರ್ಯವಾಗಿ ಠಾಣೆಯ ಮೆಟ್ಟಿಲು ಹತ್ತಿದರು ಅಂತಲೂ ಇರಬಹುದು.

ತಲೆಬುರುಡೆಯಿಂದ ಬೆರಳಚ್ಚಿಗೆ

ಹುಟ್ಟಿನಿಂದಲೇ ಅಪರಾಧಿ ಅನ್ನುವ ಹುಚ್ಚು ನಮ್ಮಲ್ಲಿ ಮಾತ್ರ ಇರಲಿಲ್ಲ. 1876ರಲ್ಲಿ ಇಟಲಿಯ ವೈದ್ಯ ಲೊಂಬ್ರೋಸೊ, ದವಡೆ, ಹಣೆ, ಕಿವಿ ನೋಡಿ ಅಪರಾಧಿಯನ್ನು ಗುರುತಿಸಬಹುದು ಅಂತ ಪುಸ್ತಕ ಬರೆದ. 1913ರಲ್ಲಿ ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3,000 ಕೈದಿಗಳನ್ನು ಅಳೆದು, ಬೇರೆಯವರ ಜೊತೆ ಹೋಲಿಸಿ ನೋಡಿದ. ಅಪರಾಧಿಗೆ ಅಂತ ಪ್ರತ್ಯೇಕ ದೇಹಲಕ್ಷಣ ಸಿಗಲಿಲ್ಲ.

ಅಷ್ಟರಲ್ಲಿ 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ವಿಭಾಗ ಶುರುವಾಗಿತ್ತು. ಅದರ ವರ್ಗೀಕರಣಕ್ಕೆ ಎಡ್ವರ್ಡ್ ಹೆನ್ರಿಯ ಹೆಸರು ಬಂತು, ಅದರ ಹಿಂದೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಬೆರಳಚ್ಚು ಒಳ್ಳೆಯ ಸಾಧನ. ಆದರೆ ‘ಇವನು ಯಾರು’ ಅನ್ನುವುದನ್ನು ಮಾತ್ರ ಅದು ಹೇಳಬಲ್ಲದು. ‘ಇವನು ನಾಳೆ ಏನು ಮಾಡುತ್ತಾನೆ’ ಅಂತ ಹೇಳಲಾರದು. ನಮ್ಮ ಸರ್ಕಾರ ಅದನ್ನು ಏನೂ ಮಾಡದವರ ಮೇಲೂ ಬಳಸಿತು.

ಕುಂಬಳಕಾಯಿ ಕಳ್ಳ

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ನಿಮಗೆ ಗೊತ್ತು. ನಡತೆ ನೋಡಿ ಕಳ್ಳನನ್ನು ಹಿಡಿಯುವ ಉಪಾಯ ಅದು. ಇಂದಿನ ಅಪರಾಧ ಮನಃಶಾಸ್ತ್ರವೂ ಇಂಥದ್ದೇ ಕೆಲಸ ಮಾಡುತ್ತದೆ, ಇನ್ನೂ ಶಿಸ್ತಾಗಿ. ಕೃತ್ಯ ನಡೆದ ಜಾಗ, ಹೊತ್ತು, ರೀತಿ ನೋಡಿ, ಮಾಡಿದವನು ಎಂಥವನಿರಬಹುದು ಅಂತ ಊಹಿಸುತ್ತದೆ. ಇಲ್ಲಿ ಕೃತ್ಯದಿಂದ ಮನುಷ್ಯನ ಕಡೆಗೆ ಹೋಗುತ್ತಾರೆ, ಜಾತಿಯಿಂದ ಕೃತ್ಯದ ಕಡೆಗಲ್ಲ.

ಆದರೂ ಊಹೆ ಊಹೆಯೇ. 1992ರಲ್ಲಿ ಲಂಡನ್ನಿನ ವಿಂಬಲ್ಡನ್ ಬಯಲಿನಲ್ಲಿ ಯುವತಿಯೊಬ್ಬಳ ಕೊಲೆಯಾಯಿತು. ಮನಃಶಾಸ್ತ್ರಜ್ಞರ ಚಿತ್ರಣಕ್ಕೆ ಹೊಂದುತ್ತಾನೆ ಅಂತ ಪೊಲೀಸರು ಒಬ್ಬನ ಬೆನ್ನು ಬಿದ್ದರು. 1994ರಲ್ಲಿ ಕೋರ್ಟು ಆ ಕೇಸನ್ನು ತಳ್ಳಿಹಾಕಿತು. ನಿಜವಾದ ಕೊಲೆಗಾರ ಬೇರೆಯವನು ಅಂತ 2008ರಲ್ಲಿ ಸಾಬೀತಾಯಿತು. ಈ ಮಧ್ಯೆ, 1993ರಲ್ಲೇ ಅವನು ಒಬ್ಬ ತಾಯಿಯನ್ನೂ ಅವಳ ಮಗುವನ್ನೂ ಕೊಂದಿದ್ದ. ತಪ್ಪು ಮನುಷ್ಯನ ಮೇಲೆ ಕಣ್ಣಿಟ್ಟರೆ ಅನ್ಯಾಯ ಅವನೊಬ್ಬನಿಗೇ ಆಗುವುದಿಲ್ಲ. ನಿಜವಾದ ಅಪರಾಧಿ ಆರಾಮಾಗಿ ಓಡಾಡಿಕೊಂಡಿರುತ್ತಾನೆ.

ಇನ್ನೊಂದು ಮಾತು. ದಿನಾ ಬೈಸಿಕೊಂಡವನು, ಹೊಡೆಸಿಕೊಂಡವನು, ಕದಿಯದಿದ್ದರೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ.

ಪಟ್ಟಿ ಹೋಯಿತು, ಅನುಮಾನ ಉಳಿಯಿತು

ಸ್ವಾತಂತ್ರ್ಯ ಬಂದಮೇಲೂ ಐದು ವರ್ಷ ಈ ಕಾಯ್ದೆ ಇತ್ತು. 1952ರ ಆಗಸ್ಟ್ 31ರಂದು ರದ್ದಾಯಿತು. ಅದಕ್ಕೇ ಆ ಸಮುದಾಯಗಳನ್ನು ‘ವಿಮುಕ್ತ’ ಅನ್ನುತ್ತಾರೆ. ಆದರೆ ಅದರ ಜಾಗಕ್ಕೆ ರಾಜ್ಯಗಳಲ್ಲಿ ‘ರೂಢಿಗತ ಅಪರಾಧಿ’ ಕಾಯ್ದೆಗಳು ಬಂದವು. ಕಾಗದದಲ್ಲಿ ಅವು ಜಾತಿಯ ಮಾತು ಆಡುವುದಿಲ್ಲ. ಬಳಕೆಯಲ್ಲಿ ಹಳೆಯ ಕಣ್ಣೇ ಮುಂದುವರಿಯಿತು.

2024ರ ಅಕ್ಟೋಬರ್ 3ರಂದು ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಜೈಲಿನಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ತೆಗೆದುಹಾಕಿತು, ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಾಲಂ ಅಳಿಸಲು ಹೇಳಿತು. ವಿಮುಕ್ತ ಸಮುದಾಯದವರನ್ನು ಮನಬಂದಂತೆ ಬಂಧಿಸಬಾರದು ಅಂತ ಪೊಲೀಸರಿಗೂ ಸೂಚಿಸಿತು. 1871ರಿಂದ ಲೆಕ್ಕ ಹಾಕಿದರೆ 153 ವರ್ಷ.

ನಮ್ಮ ಊರುಗಳಲ್ಲಿ ಮೋಟರ್, ಕೇಬಲ್, ಕುರಿ ಕಳುವಾದರೆ ಮೊದಲು ಬೆರಳು ತೋರಿಸುವುದು ಊರಾಚೆ ಟೆಂಟ್ ಹಾಕಿದವರ ಕಡೆಗೆ. ಫೋಟೋ ತೆಗೆದು ‘ಇವರ ಮೇಲೆ ಹುಷಾರ್’ ಅಂತ ವಾಟ್ಸಾಪ್‌ನಲ್ಲಿ ಹಾಕುತ್ತೇವೆ. ಅದೂ ಒಂದು ಪಟ್ಟಿಯೇ. ಕಳುವಾದ ದಿನ ಯಾರು ಎಲ್ಲಿದ್ದರು, ಕಂಡವರು ಯಾರು, ಮಾಲು ಎಲ್ಲಿ ಸಿಕ್ಕಿತು — ಇಷ್ಟು ಕೇಳಿ, ಠಾಣೆಗೆ ದೂರು ಕೊಡಿ. ಇಷ್ಟಕ್ಕೆ ಉತ್ತರ ಸಿಗುವ ಮುಂಚೆ ಆ ಫೋಟೋ ಫಾರ್ವರ್ಡ್ ಮಾಡಬೇಡಿ.