ಕೂಸಿನ ಮೊದಲ ತುತ್ತು: ಜೋಳದ ನಾಡಿನ ಹಳೆಯ ಪ್ರಶ್ನೆ

ಡೋಣಿ ಹೊಳೆಯ ದಂಡೆ ಬೆಳೆದರೆ ಓಣಿಗೆಲ್ಲ ಜೋಳ ಎಂಬ ಮಾತು ವಿಜಯಪುರ ಜಿಲ್ಲೆಯಲ್ಲಿ ಹಳೆಯದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಕರಿಮಣ್ಣಿನಲ್ಲಿ ಹಿಂಗಾರಿಗೆ ಬೆಳೆಯುವ ಬಿಳಿಜೋಳವೇ ಇಲ್ಲಿನ ಮನೆಗಳಲ್ಲಿ ರೊಟ್ಟಿ, ನುಚ್ಚು, ಅಂಬಲಿಯಾಗುತ್ತದೆ. ತಾಯಿಯ ಹಾಲಿನ ಮೇಲೆ ಬೆಳೆದ ಕೂಸು ಒಂದಲ್ಲ ಒಂದು ದಿನ ಈ ಜೋಳಕ್ಕೆ ಬರಲೇಬೇಕು. ಆ ದಿನ ಯಾವುದು? ಜೋಳ ಯಾವ ರೂಪದಲ್ಲಿ ಕೂಸಿನ ಬಾಯಿಗೆ ಹೋಗಬೇಕು? ಮನೆಯ ಹಿರಿಯ ಹೆಂಗಸರು ರೂಢಿಯಿಂದ ಉತ್ತರಿಸುತ್ತ ಬಂದ ಈ ಪ್ರಶ್ನೆಗಳು ವೈದ್ಯರನ್ನೂ ವಿಜ್ಞಾನಿಗಳನ್ನೂ ಬಹುಕಾಲ ಕಾಡಿವೆ.

ಯಾವ ತಿಂಗಳು?

ಸುಶ್ರುತ ಸಂಹಿತೆ ಆರನೆಯ ತಿಂಗಳಲ್ಲಿ ಹಗುರವಾದ, ಹಿತವಾದ ಅನ್ನ ಉಣಿಸಲು ಹೇಳುತ್ತದೆ. ಮಕ್ಕಳ ವೈದ್ಯಕ್ಕೇ ಮೀಸಲಾದ ಕಾಶ್ಯಪ ಸಂಹಿತೆ ಇನ್ನೂ ಎಚ್ಚರಿಕೆಯದು. ಅದರ ಪ್ರಕಾರ ಆರನೆಯ ತಿಂಗಳಿಗೆ ಹಣ್ಣು, ಹಲ್ಲು ಬಂದ ಮೇಲೆ ಅಥವಾ ಹತ್ತನೆಯ ತಿಂಗಳಿಗೆ ಅನ್ನ.

ಆಧುನಿಕ ವೈದ್ಯಶಾಸ್ತ್ರವೂ ಈ ವಿಷಯದಲ್ಲಿ ಒಮ್ಮೆಗೇ ನಿಲುವಿಗೆ ಬಂದಿದ್ದಲ್ಲ. ನಾಲ್ಕರಿಂದ ಆರು ತಿಂಗಳ ನಡುವೆ ಆರಂಭಿಸಬಹುದು ಎಂಬ ಸಲಹೆ ಬಹುಕಾಲ ನಡೆಯಿತು. ಭಾರತದ 1992ರ ಶಿಶು ಆಹಾರ ಕಾಯ್ದೆಯೂ ನಾಲ್ಕು ತಿಂಗಳನ್ನೇ ಗಡಿಯಾಗಿ ಹಿಡಿದಿತ್ತು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ ಸಾಕೆಂದು ಸಾರಿತು. 2003ರ ತಿದ್ದುಪಡಿಯಲ್ಲಿ ನಮ್ಮ ಕಾಯ್ದೆಯ ಗಡಿಯೂ ಆರು ತಿಂಗಳಿಗೆ ಸರಿಯಿತು.

ಇದಕ್ಕೆ ಕೂಸಿನ ಹೊಟ್ಟೆಯಲ್ಲೇ ಕಾರಣವಿದೆ. ಕಾಳಿನ ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವ ಹುಟ್ಟಿದ ಮಗುವಿನ ಮೇದೋಜೀರಕ ಗ್ರಂಥಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ತಿಂಗಳು ಕಳೆದಂತೆ ಅದು ಹೆಚ್ಚುತ್ತದೆ. ತಾಯಿಯ ಹಾಲಿನಲ್ಲೂ ಈ ಕಿಣ್ವವಿದ್ದು, ಗಂಜಿಯ ಜೊತೆ ಎದೆಹಾಲು ಮುಂದುವರಿಸಿದರೆ ಜೀರ್ಣಕ್ಕೆ ಅದರ ನೆರವೂ ಸಿಗುತ್ತದೆ. ಹಾಗೆಂದು ತಡಮಾಡುವುದೂ ತಪ್ಪು. ಆರು ತಿಂಗಳ ಹೊತ್ತಿಗೆ ಹುಟ್ಟಿನಿಂದ ಬಂದ ಕಬ್ಬಿಣದ ದಾಸ್ತಾನು ಕರಗುತ್ತದೆ, ಹಾಲೊಂದರಿಂದಲೇ ಬೆಳವಣಿಗೆ ಸಾಗದು.

ಜೋಳದ ಸ್ವಭಾವ

1981ರಲ್ಲಿ ಪೆರು ದೇಶದ ಲಿಮಾದಲ್ಲಿ ಚಿಕ್ಕ ಮಕ್ಕಳಿಗೆ ಜೋಳದ ಗಂಜಿ ಉಣಿಸಿ ನಡೆಸಿದ ಅಧ್ಯಯನ ಜೋಳದ ಹೆಸರಿಗೆ ಕಪ್ಪು ಹಚ್ಚಿತು. ಅದರ ಸಾರಜನಕದಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ಮಕ್ಕಳ ಮೈಗೆ ಹತ್ತಿತ್ತು. ಗೋದಿ, ಅಕ್ಕಿ, ಮೆಕ್ಕೆಜೋಳ ಮೂರೂ ಇದಕ್ಕಿಂತ ಮೇಲಾಗಿದ್ದವು. ನೀರಿನಲ್ಲಿ ಬೇಯಿಸಿದಾಗ ಜೋಳದ ಪ್ರೋಟೀನು ಬಿಗಿದುಕೊಳ್ಳುವುದೇ ಇದಕ್ಕೆ ಕಾರಣ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸುಡಾನಿನಲ್ಲಿ ಹುಳಿ ಬರಿಸಿ ಮಾಡುವ ಜೋಳದ ಗಂಜಿಯ ಪ್ರೋಟೀನು ಚೆನ್ನಾಗಿ ಜೀರ್ಣವಾಗಬಲ್ಲದು ಎಂಬುದು ಅದೇ ವರ್ಷ ಅಮೆರಿಕದ ಪ್ರಯೋಗಾಲಯದಲ್ಲಿ ಕಂಡುಬಂತು. 1983ರಲ್ಲಿ ಮೇಲ್ಪದರ ತೆಗೆದು ಒತ್ತಡ ಮತ್ತು ಶಾಖದಲ್ಲಿ ಹದಗೊಳಿಸಿದ ಜೋಳವನ್ನು ಲಿಮಾದ ಮಕ್ಕಳು ಗೋದಿಯಷ್ಟೇ ಸಲೀಸಾಗಿ ಅರಗಿಸಿಕೊಂಡರು. ದೋಷ ಕಾಳಿನದಲ್ಲ, ಅದನ್ನು ಹದಮಾಡುವ ಬಗೆಯದು ಎಂಬುದು ಇದರಿಂದ ಸ್ಪಷ್ಟವಾಯಿತು. ಹಿಟ್ಟನ್ನು ರಾತ್ರಿ ಕಲಸಿಟ್ಟು, ಹುಳಿ ಬಂದ ಮೇಲೆ ಕುದಿಸಿ ಮಜ್ಜಿಗೆ ಬೆರೆಸುವ ಅಂಬಲಿಯ ಹಿಂದೆಯೂ ಇಂಥದೇ ತಿಳಿವಳಿಕೆ ಇದ್ದಿರಬೇಕು.

ನೀರಾದ ಗಂಜಿ

ಇನ್ನೊಂದು ತೊಡಕು ಗಂಜಿಯ ಹದದ್ದು. ಹಿಟ್ಟು ಹೆಚ್ಚು ಹಾಕಿದರೆ ಗಂಜಿ ಗಟ್ಟಿಯಾಗಿ ಕೂಸು ನುಂಗದು. ನೀರು ಹೆಚ್ಚಿದರೆ ನುಂಗೀತು, ಆದರೆ ಅಂಗೈಯಗಲದ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಹೊಟ್ಟೆ ತುಂಬಿದ ಕೂಸು ಅಳುವುದಿಲ್ಲ, ಹಾಗೆಂದು ಬೆಳೆಯುವುದೂ ಇಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಗಂಜಿ ಇನ್ನಷ್ಟು ನೀರಾಗುವ ಈ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಇದಕ್ಕೆ ದಾರಿ ತೋರಿಸಿದ್ದು 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ. ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಹುರಿದರೆ ಪಿಷ್ಟ ಮೊದಲೇ ಒಡೆದು, ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳುವಾಗಿಯೇ ಇರುತ್ತದೆಂದು ಅಲ್ಲಿನ ಎಚ್.ಎಸ್.ಆರ್. ದೇಸಿಕಾಚಾರ್ 1980ರಲ್ಲಿ ವಿವರಿಸಿದರು. 1982ರಲ್ಲಿ ಎನ್.ಜಿ. ಮಲ್ಲೇಶಿ ಅವರೊಂದಿಗೆ ಮೊಳಕೆ ರಾಗಿ ಮತ್ತು ಹೆಸರುಕಾಳಿನ ಶಿಶು ಆಹಾರವನ್ನು ರೂಪಿಸಿದರು. ಅಜ್ಜಿಯರ ರಾಗಿ ಹಿಟ್ಟಿನ ವಿದ್ಯೆಗೇ ಪ್ರಯೋಗಾಲಯದ ಮುದ್ರೆ ಬಿತ್ತು.

ರಾಗಿಗೆ ಒಪ್ಪುವ ಈ ಕ್ರಮವನ್ನು ಜೋಳಕ್ಕೆ ಹಾಗೆಯೇ ಹೊಂದಿಸುವಂತಿಲ್ಲ. ಎಳೆ ಜೋಳದ ಬೆಳೆಗೆ ದನ ಬಿಟ್ಟರೆ ವಿಷವೇರುತ್ತದೆಂಬುದು ಇಲ್ಲಿನ ರೈತರಿಗೆಲ್ಲ ಗೊತ್ತು. ಆ ವಿಷದ ಮೂಲವಾದ ಧುರಿನ್ ಜೋಳದ ಮೊಳಕೆಯಲ್ಲೂ ಇರುತ್ತದೆ. ಕಾಳನ್ನು ಒಣಗಿಸಿ, ಮೊಳಕೆ ಮತ್ತು ಬೇರನ್ನು ಪೂರ್ತಿ ಉಜ್ಜಿ ಉದುರಿಸದೆ ಬಳಸಬಾರದು. ಕೂಸಿನ ಮಟ್ಟಿಗೆ ರಾಗಿಯ ಮೊಳಕೆಯೇ ಕ್ಷೇಮ.

ಕೊನೆಯದಾಗಿ ಶುಚಿತ್ವ. ತಾಯಿಯ ಹಾಲಿನಿಂದ ಅನ್ನಕ್ಕೆ ಹೊರಳುವ ತಿಂಗಳುಗಳಲ್ಲೇ ಭೇದಿ ಮಕ್ಕಳನ್ನು ಹೆಚ್ಚು ಕಾಡುವುದನ್ನು ಪಂಜಾಬಿನ ಹಳ್ಳಿಗಳಲ್ಲಿ ಕೆಲಸ ಮಾಡಿದ ಜಾನ್ ಗಾರ್ಡನ್ ಮತ್ತು ಸಂಗಡಿಗರು 1963ರಲ್ಲಿ ತೋರಿಸಿದರು. ಬೆಳಗಿನ ಗಂಜಿಯನ್ನು ಸಂಜೆಯವರೆಗೆ ಇಟ್ಟು ಉಣಿಸುವುದು, ತೊಳೆಯದ ಕೈ, ಕುದಿಸದ ನೀರು ಇವೇ ಅದಕ್ಕೆ ಬಾಗಿಲು. ಭೇದಿಯಾದಾಗ ಊಟ ಬಿಡಿಸುವ ರೂಢಿ ಕೂಸನ್ನು ಮತ್ತಷ್ಟು ಸೊರಗಿಸುತ್ತದೆ.

ಇಂದು ಅಂಗನವಾಡಿಗಳು ಆರು ತಿಂಗಳು ತುಂಬಿದ ಮಕ್ಕಳಿಗೆ ಮನೆಗೇ ಆಹಾರ ಕೊಡುತ್ತವೆ. ಅದರ ಜೊತೆಗೆ ಮನೆಯ ನುಣ್ಣನೆಯ ಜೋಳದ ಹಿಟ್ಟು, ಹೆಸರುಬೇಳೆ, ಒಂದು ಚಮಚ ತುಪ್ಪ ಸೇರಿಸಿ, ಚಮಚದಿಂದ ಜಾರಿ ಬೀಳದಷ್ಟು ಮಂದವಾಗಿ, ಹೊತ್ತಿಗೆ ಹೊತ್ತಿಗೆ ಬಿಸಿಯಾಗಿ ಮಾಡಿದರೆ ಜೋಳದ ನಾಡಿನ ಕೂಸು ಜೋಳ ಉಂಡೇ ಗಟ್ಟಿಯಾದೀತು. ಆರು ತಿಂಗಳು ತುಂಬುವವರೆಗೆ ಕಾಯುವುದು, ತುಂಬಿದ ಮೇಲೆ ತಡಮಾಡದಿರುವುದು ಮಾತ್ರ ಹಿರಿಯರ ಹೊಣೆ.