ಶ್ರೀರಂಗಪಟ್ಟಣ ಪದಕ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯನ್ನು ಗೆದ್ದ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ತನ್ನ ಪರವಾಗಿ ಹೋರಾಡಿದವರಿಗೆ ಕೊಟ್ಟ ಯುದ್ಧಪದಕ. ನಾಲ್ಕನೆಯ ಮೈಸೂರು ಯುದ್ಧದ ಈ ಕೊನೆಯ ದಿನವೇ ಟಿಪ್ಪು ಸುಲ್ತಾನ್ ಮಡಿದ.

ಅಚ್ಚನ್ನು ಕೊರೆದವನು ಸಿ.ಎಚ್. ಕೂಖ್ಲರ್, ಟಂಕಿಸಿದ್ದು ಬರ್ಮಿಂಗ್‌ಹ್ಯಾಮಿನಲ್ಲಿದ್ದ ಮ್ಯಾಥ್ಯೂ ಬೋಲ್ಟನ್ನನ ಸೋಹೊ ಟಂಕಸಾಲೆ. ಮುಮ್ಮುಖದಲ್ಲಿ ಟಿಪ್ಪುವಿನ ಲಾಂಛನವಾದ ಹುಲಿಯನ್ನು ಕೆಡವಿದ ಬ್ರಿಟಿಷ್ ಸಿಂಹ, ಮೇಲಿನ ಪತಾಕೆಯಲ್ಲಿ ‘ದೇವರ ಸಿಂಹವೇ ವಿಜಯಿ’ ಎಂಬರ್ಥದ ಅರಬ್ಬಿ ಬರಹವಿವೆ. ಇದೇ ಮಾತು ಟಿಪ್ಪುವಿನ ಆಯುಧಗಳ ಮೇಲೆ ಹುಲಿಮುಖದ ಆಕಾರದಲ್ಲಿ ಕಾಣುತ್ತದೆಂಬುದು ವಿಪರ್ಯಾಸ. ಹಿಮ್ಮುಖದಲ್ಲಿ ಕೋಟೆಯ ಮೇಲಿನ ದಾಳಿಯ ಚಿತ್ರ, ಕೆಳಗೆ ಪಾರಸಿ ಬರಹ. ಸೋಹೊ ಪದಕದ ವ್ಯಾಸ 48 ಮಿ.ಮೀ. ದರ್ಜೆಗೆ ತಕ್ಕಂತೆ ಚಿನ್ನ, ಚಿನ್ನದ ಮುಲಾಮಿನ ಬೆಳ್ಳಿ, ಬೆಳ್ಳಿ, ಕಂಚು, ತವರಗಳಲ್ಲಿ ಹಂಚಲಾಯಿತು. ಕಲ್ಕತ್ತದಲ್ಲಿ ಟಂಕಿಸಿದ ಪದಕ 45 ಮಿ.ಮೀ.; ಅಳತೆ ಕಿರಿದಾದ ಮಾತ್ರಕ್ಕೆ ಅದು ನಕಲಿಯಲ್ಲ.

ಪದಕವನ್ನು ಪಡೆದವರ ಹೆಸರು ಕೆತ್ತದೆಯೇ ನೀಡಿದ್ದರಿಂದ, ಅಂಚಿನ ಹೆಸರನ್ನು ಸೈನ್ಯದ ದಾಖಲೆಗೆ ಹೋಲಿಸಿ ಅಸಲಿತನ ನಿರ್ಧರಿಸುವ ರೂಢಿಯ ವಿಧಾನ ಇಲ್ಲಿ ನಡೆಯದು. ಆದುದರಿಂದ ಸಂಗ್ರಾಹಕರು ಲೋಹ, ತೂಕ, ವ್ಯಾಸ ಮತ್ತು ಅಚ್ಚಿನ ಚೂಪನ್ನು ನೋಡುತ್ತಾರೆ. ಅಸಲಿಯಿಂದ ಅಚ್ಚೆತ್ತು ಎರಕ ಹೊಯ್ದ ನಕಲಿನಲ್ಲಿ ಸಿಂಹದ ಕೇಸರ, ಕೂಖ್ಲರನ ಸಂಕೇತಾಕ್ಷರಗಳು ಮಸುಕಾಗಿ, ಮೈಯಲ್ಲಿ ಸಣ್ಣ ಗುಳಿಗಳೂ ಅಂಚಿನಲ್ಲಿ ಬೆಸುಗೆಯ ಗೆರೆಯೂ ಉಳಿಯುತ್ತವೆ. ಕಂಚಿನದಕ್ಕೆ ಮುಲಾಮು ಹಚ್ಚಿ ಮೇಲ್ದರ್ಜೆಯದೆಂದು ತೋರಿಸುವುದು ಇನ್ನೊಂದು ಬಗೆಯ ವಂಚನೆ. ತೂಗುಬಳೆ ಮಾತ್ರ ದುರ್ಬಲ ಸಾಕ್ಷ್ಯ: ಪಡೆದವರೇ ತಮಗೆ ಬೇಕಾದಂತೆ ಕೂಡಿಸಿಕೊಂಡದ್ದುಂಟು.

ನೂರು ವರ್ಷ ಮೀರಿದ ಪುರಾವಸ್ತುವಾದ ಇದನ್ನು 1972ರ ಭಾರತದ ಪುರಾವಸ್ತು ಕಾಯ್ದೆಯಂತೆ ಖಾಸಗಿಯವರು ಭಾರತದಿಂದ ರಫ್ತು ಮಾಡುವಂತಿಲ್ಲ.