ಮಾತ್ರೆಯ ಲೆಕ್ಕ, ಕರುಳಿನ ದಾರಿ

ದಿನಕ್ಕೆ ಎರಡೇ ಮಾತ್ರೆ. ಹಗಲಿರುಳೂ ನೋವಿಗೆ ಶಮನ. ನಿಧಾನವಾಗಿ ಔಷಧ ಬಿಡುವ ನೋವುನಿವಾರಕಗಳ ಭರವಸೆ ಇದು. ಈ ಭರವಸೆಯ ಹಿಂದೆ ಒಂದು ಲೆಕ್ಕವಿದೆ. ಮಾತ್ರೆಯು ಜಠರವನ್ನು ದಾಟಿ, ಸುಮಾರು ಆರು ಮೀಟರ್ ಉದ್ದದ ಸಣ್ಣ ಕರುಳಿನಲ್ಲಿ ಸಾಗುತ್ತ, ಗಂಟೆಗಟ್ಟಲೆ ಔಷಧವನ್ನು ಬಿಡುತ್ತ ಹೋಗಬೇಕು. ಆ ದಾರಿಯನ್ನೇ ಬದಲಿಸಿದರೆ?

ಈ ಪ್ರಶ್ನೆಯ ಬೇರುಗಳು ಅಮೆರಿಕದಲ್ಲಿವೆ. 1952ರಲ್ಲಿ ಅಲ್ಲಿನ ಸ್ಮಿತ್ ಕ್ಲೈನ್ ಅಂಡ್ ಫ್ರೆಂಚ್ ಕಂಪನಿ ‘ಸ್ಪ್ಯಾನ್ಸ್ಯೂಲ್’ ಎಂಬ ಕ್ಯಾಪ್ಸೂಲನ್ನು ಮಾರುಕಟ್ಟೆಗೆ ತಂದಿತು. ಒಳಗೆ ನೂರಾರು ಪುಟ್ಟ ಕಾಳುಗಳು. ತೆಳು ಲೇಪದ ಕಾಳು ಬೇಗ, ದಪ್ಪ ಲೇಪದ್ದು ತಡವಾಗಿ ಕರಗುತ್ತಿತ್ತು. ಅದರಲ್ಲಿ ಮೊದಲು ತುಂಬಿದ್ದು ಡೆಕ್ಸೆಡ್ರಿನ್. ಹಸಿವು ತಗ್ಗಿಸಿ ತೂಕ ಇಳಿಸಲೆಂದೂ ವೈದ್ಯರು ಬರೆದುಕೊಡುತ್ತಿದ್ದ ಔಷಧ ಅದು!

ಎರಡೇ ವರ್ಷಗಳ ನಂತರ, 1954ರಲ್ಲಿ, ಮಿನ್ನೆಸೋಟದ ಶಸ್ತ್ರವೈದ್ಯರಾದ ಕ್ರೆಮೆನ್ ಮತ್ತು ಲಿನ್ನರ್ ಸಣ್ಣ ಕರುಳಿನ ಬಹುಭಾಗವನ್ನು ಬಳಸುದಾರಿಯಿಂದ ತಪ್ಪಿಸುವ ಚಿಕಿತ್ಸೆಯನ್ನು ವರದಿ ಮಾಡಿದರು. ಮುಂದೆ ರೂಢಿಗೆ ಬಂದ ವಿಧಾನದಲ್ಲಿ ಆಹಾರ ಸಾಗಲು ಉಳಿಯುತ್ತಿದ್ದ ಸಣ್ಣ ಕರುಳು ಅರ್ಧ ಮೀಟರಿನಷ್ಟೇ. ತೂಕವೇನೋ ಇಳಿಯಿತು, ಆದರೆ ಯಕೃತ್ತಿನ ವೈಫಲ್ಯ, ಮೂತ್ರಪಿಂಡದ ಕಲ್ಲುಗಳಂಥ ತೊಂದರೆಗಳು ಕಾಡಿದ್ದರಿಂದ ಈ ಚಿಕಿತ್ಸೆ ಕ್ರಮೇಣ ಮೂಲೆಗುಂಪಾಯಿತು.

1966ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಬೇರೆ ಹಾದಿ ಹಿಡಿದರು. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡವರು ಸುಲಭವಾಗಿ ದಪ್ಪಗಾಗುವುದಿಲ್ಲ ಎಂಬುದನ್ನು ಅವರು ಗಮನಿಸಿದ್ದರು. ಅವರು ಆರಂಭಿಸಿದ ‘ಗ್ಯಾಸ್ಟ್ರಿಕ್ ಬೈಪಾಸ್’ ಇಂದಿನ ರೂಪದಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲವನ್ನಷ್ಟೇ ಜಠರವಾಗಿ ಉಳಿಸುತ್ತದೆ. ಕರುಳಿನ ಮೊದಲ ಭಾಗಕ್ಕೆ ಆಹಾರವೂ ಹೋಗದು, ಮಾತ್ರೆಯೂ ಹೋಗದು.

ಇತ್ತ 1980ರ ದಶಕದಲ್ಲಿ, ಕ್ಯಾನ್ಸರ್ ರೋಗಿಗಳು ರಾತ್ರಿಯಿಡೀ ನೆಮ್ಮದಿಯಿಂದ ನಿದ್ರಿಸಲೆಂದು, ಮಾರ್ಫಿನ್‌ನ 12 ಗಂಟೆಯ ಮಾತ್ರೆ ಬಳಕೆಗೆ ಬಂತು. ಹೀಗೆ ಎರಡು ಹಾದಿಗಳೂ ಒಬ್ಬನೇ ರೋಗಿಯ ಹೊಟ್ಟೆಯಲ್ಲಿ ಸಂಧಿಸಿದವು.

ಚೀಲದಲ್ಲಿ ಆಮ್ಲ ಕಡಿಮೆ, ಹೀರುವ ಜಾಗವೂ ಕಡಿಮೆ. ಹಾಗಾಗಿ ನಿಧಾನದ ಮಾತ್ರೆ ಪೂರ್ತಿ ಔಷಧ ಬಿಡುವ ಮುನ್ನವೇ ಮುಂದೆ ಸರಿದು, ನೋವು ಉಳಿದುಬಿಡಬಹುದು. ಎಲ್ಲ ಔಷಧಗಳ ಕತೆಯೂ ಒಂದೇ ಅಲ್ಲ. ಬೈಪಾಸ್ ಆದವರಲ್ಲಿ ದ್ರವರೂಪದ ಮಾರ್ಫಿನ್ ಮೊದಲಿಗಿಂತ ಬೇಗ ರಕ್ತಕ್ಕೆ ಸೇರುವುದನ್ನು ಅಧ್ಯಯನ ತೋರಿಸಿದೆ. ಆದ್ದರಿಂದ ವೈದ್ಯರು ಸಾಮಾನ್ಯವಾಗಿ ತಕ್ಷಣ ಕರಗುವ ಮಾತ್ರೆ ಅಥವಾ ದ್ರವ ಔಷಧವನ್ನು ಆಯ್ದು, ಪ್ರಮಾಣವನ್ನು ಎಚ್ಚರದಿಂದ ಹೊಂದಿಸುತ್ತಾರೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥವು ಜೋಡಣೆಯ ಜಾಗದಲ್ಲಿ ಹುಣ್ಣು ತರಬಲ್ಲವಾದ್ದರಿಂದ ಅವುಗಳನ್ನು ದೂರವಿಡುವುದೇ ವಾಡಿಕೆ.

ಮಾತ್ರೆ ಕರಗುತ್ತಿಲ್ಲವೆಂದು ಅದನ್ನು ಕುಟ್ಟಿ ಪುಡಿಮಾಡಿ ನುಂಗುವುದು ಮಾತ್ರ ದೊಡ್ಡ ಅಪಾಯ. 12 ಗಂಟೆಯ ಔಷಧ ಒಂದೇ ಬಾರಿಗೆ ದೇಹ ಸೇರುತ್ತದೆ. ಮಾರ್ಫಿನ್ ಆದರೆ ಉಸಿರೇ ನಿಲ್ಲಬಹುದು.

ಕರುಳಿನ ಹೊಸ ದಾರಿ ಮಾತ್ರೆಗೆ ತಿಳಿಯದು. ರೋಗಿ ಹೇಳದಿದ್ದರೆ, ಚೀಟಿ ಬರೆಯುವ ವೈದ್ಯರಿಗೂ ತಿಳಿಯದು.